ಬೆಕ್ಕಾಗಬಹುದು, ಹೆಣ್ಣಾಗಬಾರದಂತೆ

ಸಿಟ್ಟು ಇನ್ನೂ ಇಳಿದಿಲ್ಲ, ನೀವೇ ಹೇಳಿ ಗೆಳೆಯರೇ. ಹೊಸಪೇಟೆಯಲ್ಲಿ ವಿನಯನ ಮೊಬೈಲ್ ಅಂಗಡಿಯ ಮೇಲಿನ ರೂಮಿನಲ್ಲಿ ನಾವು ಮೂವರು ಪ್ರತಿ ಭಾನುವಾರ ಕಥೆಯ ಆಟ ಆಡುತ್ತೇವೆ. ವಿನಯ ಕಥೆ ಹೇಳುತ್ತಾನೆ. ನಾನು, ಬಸ್ಯಾ ಹಾಳೆಯಲ್ಲಿ ನಮ್ಮ ನಮ್ಮ ಪಾತ್ರ ಬರೆದುಕೊಂಡು, ದಾಳ ಹಾಕಿ ರಾಕ್ಷಸರನ್ನು ಹೊಡೆಯುತ್ತೇವೆ. ಕಂಪ್ಲಿಯಿಂದ ಬಂದಿದ್ದ ನಮ್ಮಕ್ಕನನ್ನೂ ಇವತ್ತು ಮೊದಲ ಸಲ ಆಟಕ್ಕೆ ಕರೆದುಕೊಂಡು ಹೋದೆ. ಅಕ್ಕ ಜೋಗತಿ. ಹುಟ್ಟಿದ್ದು ನನ್ನ ಅಣ್ಣನಾಗಿ, ಎಲ್ಲಮ್ಮನ ಮುತ್ತು ಕಟ್ಟಿಸಿಕೊಂಡು ಹೆಣ್ಣಾಗಿ ಬಾಳತೊಡಗಿ ಐದು ವರ್ಷವಾಯಿತು.

ಅಕ್ಕ ಆಸೆಯಿಂದ ಬರೆದಳು: ‘ಕತ್ತಿ ಹಿಡಿದ ಹೆಣ್ಣು, ಹೆಸರು ಕೆಂಚಮ್ಮ.’

ವಿನಯ ಹಾಳೆ ನೋಡಿ ನಕ್ಕ. “ಏ, ಹೆಣ್ಣು ಬ್ಯಾಡಪಾ, ಗಂಡು ಅಂತ ಬರಿ. ಆಟ ಅಂದ್ರೂ ಸ್ವಲ್ಪ ನಿಜ ಇರಬೇಕಲ್ಲ.”

ನಿಜವಂತೆ! ಬಸ್ಯಾನ ಪಾತ್ರ ಆರುನೂರು ವರ್ಷದ ಮುದಿ ಮಾಂತ್ರಿಕ, ಬೇಕೆಂದಾಗ ಬೆಕ್ಕಾಗುತ್ತಾನೆ.

“ಲೇ, ಬಸ್ಯಾ ಬೆಕ್ಕಾಗಬಹುದು, ನಮ್ಮಕ್ಕ ಹೆಣ್ಣಾಗಬಾರದೇನಲೇ?” ಅಂದೆ.

“ಅದು ಬ್ಯಾರೆ, ಇದು ಬ್ಯಾರೆ.”

ಇದೇ ವಿನಯ ಹೋದ ತಿಂಗಳು ಅಂಗಡಿ ಪೂಜೆಗೆ ಅಕ್ಕನನ್ನು ಕರೆಸಿದ್ದ. “ಕಾಪಾಡವ್ವಾ ತಾಯಿ” ಅಂತ ಕಾಲಿಗೆ ಬಿದ್ದು, ಅವಳ ಕೈಯಿಂದಲೇ ಹಣೆಗೆ ಭಂಡಾರ ಹಚ್ಚಿಸಿಕೊಂಡಿದ್ದ. ಆವತ್ತು ನಿಜ ಎಲ್ಲಿ ಹೋಗಿತ್ತೋ!

ನಾನು ಮೇಜು ತಳ್ಳಿ ಎದ್ದೆ. ಅಕ್ಕ ನನ್ನ ಕೈ ಹಿಡಿದಳು. ಕೆಂಚಮ್ಮನ ಹಾಳೆಯನ್ನು ಮಡಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

“ಬರ್ತೀನಪ್ಪಾ ವಿನಯ,” ಅಂದಳು. “ಮುಂದಿನ ಸಲ ಅಂಗಡಿಗೆ ದೃಷ್ಟಿ ಆದ್ರ, ಆ ಬೆಕ್ಕನ್ನ ಕರೆಸ್ಕೋ.”