ದಾರಿ ತೋರಿಸುವವರು ಒಬ್ಬರೇ ಇರಬೇಕು

ಇಂಗ್ಲೆಂಡಿನ ಸೊಲಿಹಲ್‌ನಲ್ಲಿ ನಮ್ಮ ಕನ್ನಡದವರು ವರ್ಷಕ್ಕೊಮ್ಮೆ ಒಂದು ಶಾಲೆಯ ಹಾಲ್ ಬಾಡಿಗೆಗೆ ಹಿಡಿದು ರಾಜ್ಯೋತ್ಸವ ಮಾಡುತ್ತಿದ್ದರು. 2014ರ ಸುಮಾರಿನ ಮಾತು. ಊಟದ ಸಾಲಿನಲ್ಲಿ ನನ್ನ ಹೆಂಡತಿಯ ಹಿಂದೆ ನಿಂತಿದ್ದ ಒಬ್ಬ ಮನುಷ್ಯ, "ಯಾವೂರ್ರೀ ಅಕ್ಕಾರ ನಿಮ್ದು?" ಎಂದು ಕೇಳಿದ. ಅವಳು "ಹುಬ್ಬಳ್ಳಿ" ಎಂದಳು. "ಹುಬ್ಬಳ್ಯಾಗ ಎಲ್ರೀ?" ಎಂದ. ಅಷ್ಟೇ. ಸಾಲು ಮುಂದೆ ಹೋಯಿತು, ಬಿಸಿಬೇಳೆಬಾತ್ ತಳ ಕಂಡಿತು, ಇವರಿಬ್ಬರ ಮಾತು ಮುಗಿಯಲಿಲ್ಲ.

ಅವನು ಕಾರು ಕಾರ್ಖಾನೆಯಲ್ಲಿ ಎಂಜಿನಿಯರ್. ಮನೆಯಲ್ಲಿ ದಖನಿ ಆಡುವ ಮುಸ್ಲಿಂ ಕುಟುಂಬದವನು. ನನ್ನ ಹೆಂಡತಿ ಬೆಳೆದ ಓಣಿಯ ಪಕ್ಕದ ಓಣಿಯವನು. ವಯಸ್ಸಿನಲ್ಲಿ ನನಗಿಂತ ಚಿಕ್ಕವನಾದರೂ ಎದುರಿಗೆ 'ನೀವು' ಎಂದೇ ಮಾತಾಡಿಸುತ್ತಿದ್ದೆ. ಇಲ್ಲಿ ಏಕವಚನದಲ್ಲಿ ಬರೆಯುತ್ತಿದ್ದೇನೆ. ಇಷ್ಟಾದರೂ ಸೇಡು ತೀರಿಸಿಕೊಳ್ಳಬೇಡವೇ?

ನಾನು ಮೈಸೂರಿನವನು, ವೃತ್ತಿಯಲ್ಲಿ ಜಿಪಿ, ಅಂದರೆ ಬಡಾವಣೆಯ ಕ್ಲಿನಿಕ್ಕಿನ ಡಾಕ್ಟರ್. ಎಜ್‌ಬಾಸ್ಟನ್ನಿನ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ನನ್ನ ಹೆಂಡತಿ ಮದುವೆಯಾದ ಹೊಸದರಲ್ಲೇ ನಮ್ಮ ಮನೆಯ ಕನ್ನಡಕ್ಕೆ ಬದಲಾದಳು. ಯಾರೂ ಹೇಳಿರಲಿಲ್ಲ, ತಾನಾಗಿ ಬದಲಾದಳು. ತನ್ನ ತಾಯಿಯ ಜೊತೆ ಫೋನಿನಲ್ಲಿ ಮಾತಾಡುವಾಗ ಮಾತ್ರ ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು ಹುಬ್ಬಳ್ಳಿಯ ಮಾತಾಡುತ್ತಿದ್ದಳು. ತಾಯಿ ತೀರಿಕೊಂಡ ಮೇಲೆ ಬಾಗಿಲು ಮುಚ್ಚುವ ಕೆಲಸವೂ ಬೀಳಲಿಲ್ಲ. ಆ ದನಿಯನ್ನು ನಾನು ಮರೆತೇಬಿಟ್ಟಿದ್ದೆ. ಈಗ ಅದು ಊಟದ ಸಾಲಿನಲ್ಲಿ, ಬೇರೆಯವನ ಎದುರು, ಗಲಗಲ ಎನ್ನುತ್ತಿತ್ತು.

ಇವಳು ಅವನನ್ನು ಅಣ್ಣಾರ ಎನ್ನುವಳು, ಅವನು ಇವಳನ್ನು ಅಕ್ಕಾರ ಎನ್ನುವನು. ಇಬ್ಬರಲ್ಲಿ ದೊಡ್ಡವರು ಯಾರು ಎಂಬುದು ಕೊನೆಗೂ ಇತ್ಯರ್ಥವಾಗಲಿಲ್ಲ. ಹೀಗಾಗಿ ಅನುಮಾನಕ್ಕೆ ಜಾಗವಿರಲಿಲ್ಲ. ಅನುಮಾನವಾದರೂ ಆಗಿದ್ದರೆ ಒಂದು ಜಗಳ ಆಡಿ ಮುಗಿಸಬಹುದಿತ್ತು. ನನ್ನದು ಬರೀ ಹೊಟ್ಟೆಕಿಚ್ಚು.

ಎಂಜಿನಿಯರನಿಗೆ ಒಂದು ಹುಚ್ಚು. ಅವನ ಬಳಿ ಜೀಪಿನಂಥ ಒಂದು ಹಳೆಯ ಗಾಡಿ ಇತ್ತು. ಅದನ್ನು ಕೆಸರಿನಲ್ಲಿ ಹೊರಳಾಡಿಸುವುದೇ ಅವನಿಗೆ ಹಬ್ಬ. ಅವನ ಹೆಂಡತಿ ಒಂದು ಸಲ ಹೋಗಿ ಬಂದವಳು ಇನ್ನು ಸಾಕು ಎಂದು ಕೈ ಮುಗಿದಿದ್ದಳಂತೆ. ಆ ಖಾಲಿ ಸೀಟಿಗೆ ಅವನು ನಮ್ಮನ್ನು ಕರೆದ. "ಹೋಗೋಣ್ವಾ ರೀ?" ಎಂದು ನನ್ನ ಹೆಂಡತಿ ಕೇಳಿದಾಗ ಟಿವಿಡೇಲ್‌ನ ಬಾಲಾಜಿ ಗುಡಿಗೆ ಹೋಗುವ ಭಾನುವಾರ ಅದು ಎಂದು ನೆನಪಿಸಿದೆ. "ಬಾಲಾಜಿ ಎಲ್ಲಿಗೂ ಹೋಗಲ್ಲ" ಎಂದಳು. ಅವರನ್ನು ಕಾಯಲು ನಾನೂ ಹೊರಟೆ.

ಸ್ಟಾಫರ್ಡ್‌ಶೈರ್ ಕಡೆಯ ಒಂದು ಹಳೆಯ ಕಲ್ಲುಗಣಿ ಅದು. ತಿಂಗಳಿಗೆ ಒಂದೆರಡು ಭಾನುವಾರ ಗೇಟು ತೆಗೆಯುತ್ತಾರೆ. ಹಣ ಕೊಟ್ಟು, ಲೈಸೆನ್ಸ್ ತೋರಿಸಿ, ಏನಾದರೂ ಆದರೆ ಅದು ನಮ್ಮ ಹಣೆಬರಹ ಎಂದು ಸಹಿ ಹಾಕಿ ಯಾರು ಬೇಕಾದರೂ ಒಳಗೆ ಹೋಗಬಹುದು. ಕಿತ್ತಳೆ ಬಣ್ಣದ ಕೋಟು ತೊಟ್ಟ ಮಾರ್ಷಲ್ ಒಬ್ಬ ಗಾಡಿಯ ಹಿಂದೆ ಮುಂದೆ ಬಗ್ಗಿ, ಸಿಕ್ಕಿಬಿದ್ದರೆ ಎಳೆಯುವುದಕ್ಕೆ ಕೊಕ್ಕೆ ಇದೆಯೋ ಇಲ್ಲವೋ ನೋಡಿದ. ಕಿಟಕಿ ಮುಚ್ಚಿ, ಬೆಲ್ಟು ಬಿಚ್ಚಬೇಡಿ, ಎದುರಿನ ಇಳಿಜಾರಿನಲ್ಲಿ ಯಾರಾದರೂ ಇದ್ದರೆ ಅವರು ಇಳಿಯುವ ತನಕ ಕಾಯಿರಿ ಎಂದ. ಎಂಜಿನಿಯರ್ ಮೊಣಕಾಲೂರಿ ಟೈರುಗಳಿಂದ ಗಾಳಿ ಬಿಡುತ್ತಿದ್ದ. "ಗಾಳಿ ಕಡಿಮಿ ಇದ್ರ ಟೈರ್ ನೆಲಾ ಹಿಡೀತೈತ್ರಿ, ಡಾಕ್ಟ್ರ" ಎಂದ. ನಾನು ತಲೆಯಾಡಿಸಿದೆ. ನನ್ನ ಕಾಲಲ್ಲಿ ಹೊಸದಾಗಿ ಕೊಂಡ ಬಿಳಿ ಬೂಟು.

ಮುಂದಿನ ಸೀಟಿನಲ್ಲಿ ಅವಳು, ಹಿಂದೆ ಹಗ್ಗ ಮತ್ತು ಸಲಿಕೆಯ ಜೊತೆ ನಾನು. ಗಾಡಿ ಮೊದಲನೇ ಗುಂಡಿಗೆ ಇಳಿದು ಕೆಸರುನೀರು ಗಾಜಿನ ಮೇಲಕ್ಕೆ ಹಾರಿದಾಗ ಅವಳು ಕಿರುಚಿದಳು. "ಯವ್ವಾ! ಅಣ್ಣಾರ, ಹೊಟ್ಟ್ಯಾಗಿಂದೆಲ್ಲಾ ಬಾಯಿಗಿ ಬಂತ್ರಿ!" ಆಮೇಲೆ ನಕ್ಕಳು. ನಮ್ಮ ಮನೆಯಲ್ಲಿ ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಾಳೆ. ಇಲ್ಲಿ ಎರಡೂ ಕೈ ಡ್ಯಾಶ್‌ಬೋರ್ಡಿನ ಮೇಲಿದ್ದವು.

ಸ್ವಲ್ಪ ಹೊತ್ತಿನ ನಂತರ ಅವನು ಗಾಡಿ ನಿಲ್ಲಿಸಿ, "ಅಕ್ಕಾರ, ಈಗ ನೀವು ಹೊಡೀರಿ" ಎಂದ. ನನ್ನನ್ನು ಯಾರೂ ಕೇಳಲಿಲ್ಲ.

"ನಾನಾ? ನಾ ಮೋಟರ್‌ವೇ ಮ್ಯಾಲೆನ ಹೋಗಂಗಿಲ್ರಿ."

"ಇಲ್ಲೇನ್ ಲಾರಿ ಬರ್ತಾವೇನ್ರೀ? ಬಿದ್ರ ಮಣ್ಣಾಗ ಬೀಳ್ತೀರಿ. ಹೊಡೀರಿ."

ಅವಳು ಸೀಟು ಬದಲಾಯಿಸಿದಳು. ಆಸ್ಪತ್ರೆ, ಮನೆ, ಸೂಪರ್‌ಮಾರ್ಕೆಟ್ ಬಿಟ್ಟು ಬೇರೆ ಕಡೆ ಗಾಡಿ ಓಡಿಸದವಳು. ನಾನು ಪಕ್ಕದಲ್ಲಿ ಕೂತರೆ ಇಲ್ಲದ ಬ್ರೇಕನ್ನು ನನ್ನ ಬಲಗಾಲು ಒತ್ತುತ್ತದೆ. ಅದನ್ನು ಕಂಡರೆ ಅವಳು ಗೇರು ತಪ್ಪಿಸುತ್ತಾಳೆ. ಆದರೆ ಆ ಹೊಲಸು ಗುಂಡಿಯಲ್ಲಿ ಒಂದು ಗೇರೂ ತಪ್ಪಲಿಲ್ಲ. ನನ್ನ ಹೊಟ್ಟೆ ಉರಿಯುತ್ತಿತ್ತು.

ಒಂದು ಕಡಿದಾದ ದಿಬ್ಬ ಬಂತು. ಡ್ರೈವರ್ ಸೀಟಿನಿಂದ ನೋಡಿದರೆ ಬರೀ ಆಕಾಶ ಕಾಣುತ್ತದೆ, ನೆಲ ಕಾಣುವುದಿಲ್ಲ. ಯಾರಾದರೂ ಇಳಿದು, ಮೇಲೆ ನಿಂತು ಕೈಸನ್ನೆಯಲ್ಲಿ ದಾರಿ ತೋರಿಸಬೇಕು. ಎಂಜಿನಿಯರ್ ಇಳಿದ. ನಾನೂ ಇಳಿದೆ. ನಮ್ಮೂರಿನಲ್ಲಿ ಒಂದು ಕಾರು ರಿವರ್ಸ್ ತೆಗೆಯುವುದಿದ್ದರೆ ವಾಚ್‌ಮನ್, ಪಕ್ಕದ ಅಂಗಡಿಯವನು, ಸೈಕಲ್ಲಿನಲ್ಲಿ ಹೋಗುತ್ತಿದ್ದವನು, ಎಲ್ಲರೂ ನಿಂತು ದಾರಿ ಹೇಳುತ್ತಾರೆ. ಹೇಳದಿದ್ದರೆ ಅದೆಂಥ ಮರ್ಯಾದೆ? ಗಂಡನಾದ ನಾನು ಸುಮ್ಮನಿರುವುದುಂಟೇ? ಅವನು ಬಲಕ್ಕೆ ಕೈ ತೋರಿಸಿದ, ನಾನು "ಎಡಕ್ಕೆ, ಎಡಕ್ಕೆ!" ಎಂದು ಕೂಗಿದೆ. ಅವಳು ಅರ್ಧ ದಿಬ್ಬದಲ್ಲಿ ಬ್ರೇಕ್ ಒತ್ತಿದಳು. ಗಾಡಿ ಅಡ್ಡಡ್ಡ ಜಾರಿ, ಒಂದು ಕಲ್ಲಿಗೆ ಒರಗಿ ನಿಂತಿತು.

ಮಾರ್ಷಲ್ ಓಡಿ ಬಂದ. ಬೈಯಲಿಲ್ಲ. ದಾರಿ ತೋರಿಸುವವರು ಒಬ್ಬರೇ ಇರಬೇಕು, ಡ್ರೈವರ್ ಅವರನ್ನು ಬಿಟ್ಟು ಬೇರೆ ಯಾರನ್ನೂ ನೋಡಬಾರದು ಎಂದ. ಆ ಒಬ್ಬರು ಯಾರು ಅಂತ ಡ್ರೈವರೇ ಹೇಳಲಿ ಎಂದೂ ಸೇರಿಸಿದ.

ಅವಳು ಕಿಟಕಿ ಇಳಿಸಿ, ನನ್ನ ಕಡೆ ತಿರುಗಿ, ಅಚ್ಚುಕಟ್ಟಾದ ಮೈಸೂರು ಕನ್ನಡದಲ್ಲಿ ಹೇಳಿದಳು. "ರೀ, ನೀವು ಸ್ವಲ್ಪ ಪಕ್ಕಕ್ಕೆ ಬರ್ತೀರಾ?"

ಬಂದೆ. ಬಿಳಿ ಬೂಟು ಕಣಕಾಲಿನ ತನಕ ಕೆಸರಿನಲ್ಲಿ ಹೂತಿತ್ತು. ಎಂಜಿನಿಯರ್ ಎರಡು ಬೆರಳು ಎತ್ತಿದರೆ ಅವಳು ಸ್ಟೀರಿಂಗ್ ಎರಡು ಬೆರಳಷ್ಟು ತಿರುಗಿಸುತ್ತಿದ್ದಳು. ಅವತ್ತೇ ತೀರ್ಮಾನಿಸಿದೆ. ಈ ದಿಬ್ಬದ ಮೇಲೆ ನಿಂತು ಅವಳಿಗೆ ದಾರಿ ತೋರಿಸುವವನು ನಾನಾಗಬೇಕು, ಅವಳು ನನ್ನೊಬ್ಬನನ್ನೇ ನೋಡಬೇಕು.

ಆ ಚಳಿಗಾಲವೆಲ್ಲ ಓದಿದೆ. ಡಾಕ್ಟರಿ ಪರೀಕ್ಷೆಗೂ ಅಷ್ಟು ಓದಿರಲಿಲ್ಲ. ಹೊಲಗಳ ನಡುವಿನ ಹಳೆಯ ಮಣ್ಣುದಾರಿಗಳಲ್ಲಿ ವಾಹನಕ್ಕೆ ಹಕ್ಕಿರುವುದು ಕೆಲವುಗಳಲ್ಲಿ ಮಾತ್ರ, ಅವನ್ನೂ ಸ್ಥಳೀಯ ಕೌನ್ಸಿಲ್ ಕೆಸರಿನ ತಿಂಗಳುಗಳಲ್ಲಿ ಮುಚ್ಚಬಹುದು, ನಕ್ಷೆ ನೋಡದೆ ಹೋದರೆ ಪೊಲೀಸರು ಗಾಡಿಯನ್ನೇ ಎತ್ತಿಕೊಂಡು ಹೋಗಬಹುದು ಎಂದೆಲ್ಲ ತಿಳಿದುಕೊಂಡೆ. ಒಂಟಿ ಗಾಡಿಯಲ್ಲಿ ಹೋಗಬಾರದು, ಜೊತೆಗೆ ಇನ್ನೊಂದಿರಬೇಕು ಎಂಬುದನ್ನು ಊಟ ಮಾಡುವಾಗ ಹೆಂಡತಿಗೆ ಹೇಳಿದೆ. "ಅಣ್ಣಾರು ಹೇಳಿದ್ರು" ಎಂದಳು. ಕೈಸನ್ನೆಯ ವಿಡಿಯೋಗಳನ್ನು ಕ್ಲಿನಿಕ್ಕಿನಲ್ಲಿ ರೋಗಿ ಮತ್ತು ರೋಗಿಯ ನಡುವೆ ನೋಡಿದೆ. ಮುಷ್ಟಿ ಹಿಡಿದರೆ ನಿಲ್ಲು. ಕನ್ನಡಿಯ ಮುಂದೆ ಮುಷ್ಟಿ ಹಿಡಿದು ನಿಂತಾಗ ಅವಳು ನೋಡಿ, ಭುಜ ನೋಯುತ್ತಿದೆಯೇ ಎಂದು ಕೇಳಿದಳು.

ಅಷ್ಟರಲ್ಲಿ ಅವಳು ಪ್ರತಿ ತಿಂಗಳೂ ಹೋಗುತ್ತಿದ್ದಳು, ಬೆನ್ನ ಹಿಂದೆ ನಾನೂ. ವಸಂತ ಬಂದ ಒಂದು ಭಾನುವಾರ ಅದೇ ದಿಬ್ಬದ ಬುಡದಲ್ಲಿ ಎಂಜಿನಿಯರ್ ನನ್ನ ಕಡೆ ನೋಡಿ, "ಡಾಕ್ಟ್ರ, ಈ ಸಲ ನೀವ ತೋರಸ್ರಿ" ಎಂದ. ನಾನು ಕಿತ್ತುಕೊಳ್ಳಬೇಕು ಎಂದುಕೊಂಡಿದ್ದನ್ನು ಅವನು ತಾನಾಗಿ ಕೊಟ್ಟುಬಿಟ್ಟ. ಅದಕ್ಕೂ ಹೊಟ್ಟೆ ಉರಿಯಿತು.

ಮೇಲೆ ಹತ್ತಿ ನಿಂತೆ. ಈಗ ನನಗೂ ಕೆಸರಿನ ಬೂಟು. ಗಾಡಿ ಮೂತಿ ಎತ್ತಿತು. ಗಾಜಿನ ಹಿಂದೆ ಅವಳ ಎರಡು ಕಣ್ಣು ನನ್ನ ಕೈಗಳ ಮೇಲೇ ನೆಟ್ಟಿದ್ದವು. ಮದುವೆ ಮಂಟಪದಲ್ಲೂ ಅವಳು ನನ್ನನ್ನು ಹಾಗೆ ನೋಡಿರಲಿಲ್ಲ; ಅಲ್ಲಿ ಫೋಟೋದವನ ಕಡೆ ನೋಡಬೇಕಿತ್ತು. ಸ್ವಲ್ಪ ಬಲಕ್ಕೆ ಎಂದೆ, ಬಂದಳು. ನೇರ, ಬಂದಳು. ಮುಷ್ಟಿ ಹಿಡಿದೆ, ನಿಂತಳು. ಮುಷ್ಟಿ ಬಿಚ್ಚಿ ಕರೆದೆ, ಹೊರಟಳು. ಚಕ್ರ ಒಂದು ಕ್ಷಣ ತಿರುಗಿ ತಿರುಗಿ ನೆಲ ಹಿಡಿಯಿತು, ಗಾಡಿ ನನ್ನ ಪಕ್ಕಕ್ಕೆ ಬಂದು ಉಸಿರುಬಿಟ್ಟು ನಿಂತಿತು. ನಾನು ನಗುತ್ತ ಬಾಗಿಲ ಹತ್ತಿರ ಹೋದೆ.

ಅವಳು ಬಾಗಿಲು ತೆರೆದು ಜಿಗಿದಳು. ನನ್ನ ಹೆಗಲ ಮೇಲಿಂದ ಕೆಳಗೆ ನೋಡಿ, ಎರಡೂ ಕೈ ಎತ್ತಿ ಕೂಗಿದಳು.

"ಅಣ್ಣಾರ! ನೋಡಿದ್ರಿಲ್ಲೋ? ಹತ್ತಿಸೇ ಬಿಟ್ಟೆ ನೋಡ್ರಿ!"

"ಭಲೆ ಅಕ್ಕಾರ!" ಎಂದು ಕೆಳಗಿನಿಂದ ಅವನು ಕೂಗಿದ.

ಆಮೇಲೆ ಅವಳು ನನ್ನ ಕಡೆ ತಿರುಗಿದಳು. "ಥ್ಯಾಂಕ್ಸ್ ರೀ. ಚೆನ್ನಾಗಿ ತೋರಿಸಿದ್ರಿ."

ಗೇಟಿನ ಹೊರಗೆ ನಿಲ್ಲಿಸಿದ್ದ ನಮ್ಮ ಕಾರಿನ ಕೀಯನ್ನು ಅವಳೇ ಕೇಳಿ ತೆಗೆದುಕೊಂಡಳು. ಮೊದಲ ಸಲ ಮೋಟರ್‌ವೇ ಹತ್ತಿದಳು. ನಾನು ಬಲಗಾಲನ್ನು ಎಡಗಾಲಿನ ಕೆಳಗೆ ಸಿಕ್ಕಿಸಿಕೊಂಡು ಕುಳಿತೆ. ಬರ್ಮಿಂಗ್‌ಹ್ಯಾಮ್ ಹತ್ತಿರ ಬರುತ್ತಿದ್ದಂತೆ ಧೈರ್ಯ ಮಾಡಿ, ಚಳಿಗಾಲದಲ್ಲಿ ಕಲಿತ ಇನ್ನೊಂದನ್ನೂ ಹೊರಗೆ ತೆಗೆದೆ. "ಭಾಳ ಛಲೋ ಹೊಡದಿ ನೋಡು ಇವತ್ತ."

ಅವಳು ಇಂಡಿಕೇಟರ್ ಹಾಕಿ ಒಂದು ಲಾರಿಯನ್ನು ದಾಟಿ ಎಡಕ್ಕೆ ಬಂದಳು. "ನೀವು ಹಾಗೆ ಮಾತಾಡ್ಬೇಡಿ ರೀ" ಎಂದಳು. ಕೋಪವಿರಲಿಲ್ಲ. "ಅಣಕಿಸಿದ ಹಾಗೆ ಕೇಳಿಸತ್ತೆ."

"ಅಣಕಿಸಲಿಲ್ಲ ಕಣೇ."

"ಗೊತ್ತು" ಎಂದಳು.

ಮನೆಗೆ ಬಂದು ಅವಳು ಅಡುಗೆಮನೆಯ ಸಿಂಕಿನಲ್ಲಿ ಬೂಟು ತೊಳೆಯುತ್ತ, ಫೋನನ್ನು ಕಿವಿ ಮತ್ತು ಹೆಗಲಿನ ನಡುವೆ ಸಿಕ್ಕಿಸಿಕೊಂಡು, ಮೋಟರ್‌ವೇ ಮೇಲೆ ತಾನೇ ಗಾಡಿ ಓಡಿಸಿಕೊಂಡು ಬಂದದ್ದನ್ನು ಎಂಜಿನಿಯರನಿಗೂ ಅವನ ಹೆಂಡತಿಗೂ ಹೇಳುತ್ತಿದ್ದಳು. ಈ ಸಲ ಬಾಗಿಲು ಮುಚ್ಚಿಕೊಂಡಿರಲಿಲ್ಲ. ನಾನು ಒಳಗೆ ಹೋಗಲಿಲ್ಲ, ಹೋದರೆ ಅವಳ ಮಾತು ಬದಲಾಗುತ್ತಿತ್ತು. ಹೊಸ್ತಿಲಿನ ಈಚೆ ನಿಂತು, ಅವಳು ಫೋನ್ ಇಡುವ ತನಕ ಕೇಳಿಸಿಕೊಂಡೆ.