ಅತ್ತೆಯ ಮಂಡಿ, ನನ್ನ ಲೋಹದ ಪುಡಿ

ಅತ್ತೆಯ ಮಂಡಿ ಸವೆದುಹೋಗಿತ್ತು. ಅರಕಲಗೂಡಿನ ಪಕ್ಕದ ಹಳ್ಳಿಯಿಂದ ಅವರನ್ನು ಹಾಸನಕ್ಕೆ ಕರೆತಂದು ಡಾಕ್ಟರಿಗೆ ತೋರಿಸಿದೆ. ಕೀಲು ಬದಲಾಯಿಸಬೇಕು ಎಂದರು. ಅತ್ತೆ ಆಸ್ಪತ್ರೆಯ ಮೆಟ್ಟಿಲ ಮೇಲೇ ಕೂತುಬಿಟ್ಟರು.

“ಕಾಲೊಳಗೆ ಕಬ್ಬುಣ ಇಡುಸ್ಕಂಡು ಬಾಳದಾ? ನಾಳೆ ಮಣ್ಣು ಮಾಡುದ್ರೂ ಅದೊಂದು ಅಂಗೇ ಉಳಿತದೆ ಕಣವ್ವ.”

“ಕಬ್ಬಿಣ ಅಲ್ಲ ಅತ್ತೆ, ಬೇರೆ ಲೋಹ. ಕಾಲೇಜಲ್ಲಿ ನಾನು ನೋಡೋದು ಅಂಥದ್ದನ್ನೇ.”

“ಅಂಗಾದ್ರೆ ನಂಗೂ ತೋರ್ಸು.”

ನನ್ನ ಸಂಶೋಧನೆ ಕೋಬಾಲ್ಟ್ ಮತ್ತು ಕ್ರೋಮಿಯಂ ಸೇರಿದ ಮಿಶ್ರಲೋಹದ ಪುಡಿಯ ಮೇಲೆ; ಅದನ್ನು ತೆಳುವಾಗಿ ಹರಡಿ, ಪದರ ಪದರವಾಗಿ ಕರಗಿಸಿ ಕೃತಕ ಕೀಲಿನ ಭಾಗಗಳನ್ನು ಮಾಡುತ್ತಾರೆ. ಆಟೋ ಹಿಡಿದು ನೇರ ಲ್ಯಾಬಿಗೆ ಹೋದೆವು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ನೋಡಿಕೊಳ್ಳುವ, ಹೊಳೆನರಸೀಪುರ ಕಡೆಯ ತಂತ್ರಜ್ಞರು ತಮ್ಮ ಕುರ್ಚಿಯನ್ನೇ ಅತ್ತೆಗೆ ಬಿಟ್ಟುಕೊಟ್ಟರು. ಚಿಟಿಕೆಗಿಂತ ಕಡಿಮೆ ಪುಡಿಯನ್ನು ಅಂಟುಪಟ್ಟಿಯ ಮೇಲೆ ಉದುರಿಸಿ, ಸಡಿಲವಾದದ್ದನ್ನು ಊದಿ ತೆಗೆದು, ಯಂತ್ರದೊಳಗಿಟ್ಟೆ. ಒಳಗಿನ ಗಾಳಿಯನ್ನು ಪಂಪು ಹೀರಿ ಮುಗಿಸುವ ತನಕ ಅತ್ತೆ ಸೆರಗಿನ ತುದಿ ಸುತ್ತುತ್ತ ಕೂತಿದ್ದರು.

ಪರದೆಯ ಮೇಲೆ ಬೂದುಬಣ್ಣದ ಗುಂಡುಗಳು ಮೂಡಿದವು.

“ಅಯ್ಯೋ, ರಾಗಿ ಅಂಗೈತಲ್ಲ!”

ಒಂದನ್ನು ಇನ್ನಷ್ಟು ದೊಡ್ಡದು ಮಾಡಿದೆ. ಕರಗಿದ ಹನಿ ಗಟ್ಟಿಯಾಗುವಾಗ ಮೂಡಿದ, ಗರಿಯಂಥ ಗೆರೆಗಳು ಮೈತುಂಬ. ಪಕ್ಕಕ್ಕೊಂದು ಪುಟ್ಟ ಗುಂಡು ಅಂಟಿಕೊಂಡಿತ್ತು.

“ಇದ್ಯಾಕೆ, ಅವ್ವನ್ ಸೊಂಟ ಬಿಡದ ಕೂಸಿನಂಗೆ ಕಚ್ಕಂಡದೆ?”

“ಹನಿಗಳು ಆರೋ ಮುಂಚೆ ಒಂದಕ್ಕೊಂದು ತಾಗಿ ಅಂಟ್ಕೊಳ್ತವೆ. ಇಂಥವು ಜಾಸ್ತಿಯಾದ್ರೆ ಪುಡಿ ಸಲೀಸಾಗಿ ಹರಿಯಲ್ಲ.”

ಬಹಳ ಹೊತ್ತು ನೋಡಿದ ಮೇಲೆ ಕೇಳಿದರು: “ನನ್ ಕಾಲ್ಗೆ ಆಕದು ಇದೇಯಾ?”

ಹೌದು ಅಂದುಬಿಡುವುದು ಸುಲಭವಿತ್ತು. ಬಾಯಿ ಬರಲಿಲ್ಲ.

“ಇದೇ ಪುಡಿ ಅಲ್ಲ ಅತ್ತೆ, ಇದೇ ಜಾತಿ ಲೋಹ. ಅದನ್ನ ಬೇರೆಯವ್ರು ಪರೀಕ್ಷೆ ಮಾಡಿರ್ತಾರೆ.”

“ಅವ್ರೂ ನಿನ್ನಂಗೇ ಇಷ್ಟು ಕಣ್ಣಿಟ್ಟು ನೋಡ್ತಾರಾ?”

“ನೋಡ್ತಾರೆ.”

“ಸರಿ. ಡಾಕ್ಟ್ರಿಗೆ ಏಳ್ಬುಡು.”

ಆಪರೇಷನ್ನಾದ ಮೇಲೆ ಸಾಕಷ್ಟು ನರಳಿದರು. ನನ್ನನ್ನು ಬೈದರು, ಕಾಲು ಮಡಿಸಲು ಕಲಿಸುತ್ತಿದ್ದ ನರ್ಸನ್ನೂ ಬೈದರು. ಬೈಯುತ್ತಲೇ ನಡೆಯಲು ಕಲಿತರು. ಮುಂದಿನ ಮುಂಗಾರಿನ ಹೊತ್ತಿಗೆ ಶುಂಠಿ ಹೊಲದ ಬದುವಿನ ಮೇಲೆ, ಕೋಲಿಲ್ಲದೆ, ನನಗಿಂತ ಮುಂದೆ ಹೋಗುತ್ತಿದ್ದರು.

ನೋವಿದೆಯೇ ಎಂದು ವಿಚಾರಿಸಲು ಬಂದ ನೆರೆಯ ಹೆಂಗಸರಿಗೆ, “ಚಳೀಲಿ ವಸಿ ಇಡ್ಕತದೆ, ಅಷ್ಟೆಯಾ. ನಮ್ ಸೊಸೆ ಓದಿರೋದೇ ಅದನ್ನ, ಅವಳ್ನೇ ಕೇಳ್ಕಳಿ” ಎಂದರು. ಅವರೆಲ್ಲ ಜಗಲಿಯ ಮೇಲೆ ಕಾಲು ಚಾಚಿ ಒಬ್ಬೊಬ್ಬರಾಗಿ ಮಂಡಿ ತೋರಿಸತೊಡಗಿದರು. ನಾನು ಆ ತರಹದ ಡಾಕ್ಟರಲ್ಲ ಎಂದು ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ಅತ್ತೆ ನಗುತ್ತ ಕಾಫಿ ಕಾಸಲು ಒಳಗೆ ಹೋದರು.