ಮುನಿರಾಜು ಸ್ವೆಟರಿಗೆ ಕೆಂಪು ಚೀಟಿ

ಕೊರೊನಾ ಮುಗಿದ ಮೇಲಿನ ಎರಡನೆಯ ಚಳಿಗಾಲ. ಮಹದೇವಪುರದ ಕೈಗಾರಿಕಾ ಪ್ರದೇಶದಲ್ಲಿ, ಸುತ್ತಲೂ ಗಾಜಿನ ಟೆಕ್ ಪಾರ್ಕುಗಳು ಎದ್ದ ಮೇಲೂ ಶೀಟಿನ ಸೂರು ಹೊದ್ದು ಕೂತಿದ್ದ ಒಂದು ವಾಲ್ವ್ ಕಾರ್ಖಾನೆಯಲ್ಲಿ ನಾನು ಇನ್‌ಸ್ಪೆಕ್ಷನ್ ವಿಭಾಗದ ಮುಖ್ಯಸ್ಥೆ. ಬೇರೆಯವರು ಮಾಡಿದ್ದನ್ನು ಅಳೆದು ಬೇಡವೆನ್ನುವುದು ನನ್ನ ಉದ್ಯೋಗ. ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು. ಕೆಂಪು ಬಿದ್ದ ಪೀಸನ್ನು ತಿದ್ದಲು ಬಂದರೆ ರೀವರ್ಕ್, ಬಾರದಿದ್ದರೆ ಗುಜರಿ. ಇವೆರಡರ ನಡುವೆ ಇನ್ನೊಂದು ದಾರಿಯೂ ಇದೆ. ತಪ್ಪು ಸಣ್ಣದು, ಹೇಗೋ ನಡೆಯುತ್ತದೆ ಎಂದು ಸಹಿ ಹಾಕಿ ಬಿಟ್ಟುಬಿಡುವುದು. ಅದಕ್ಕೆ ಡೀವಿಯೇಷನ್ ಎನ್ನುತ್ತಾರೆ. ನಾನು ಡೀವಿಯೇಷನ್ ಕೊಡುವವಳಲ್ಲ ಎಂದು ಗೇಟಿನ ಸೆಕ್ಯುರಿಟಿಯವರಿಗೂ ಗೊತ್ತಿತ್ತು.

ಮುಂದೆ ಬರೆಯುವುದೆಲ್ಲ ನೆನಪಿನಿಂದ. ನಮ್ಮಲ್ಲಿ ಮೈಕ್ರೋಮೀಟರನ್ನು ಕೂಡ ವರ್ಷಕ್ಕೊಮ್ಮೆ ಪರೀಕ್ಷೆಗೆ ಕಳಿಸಿ ಸರ್ಟಿಫಿಕೇಟ್ ತರಿಸುತ್ತಿದ್ದೆವು. ನೆನಪಿಗೆ ಅಂಥ ಏರ್ಪಾಡಿಲ್ಲ. ಈ ಕಥೆಯ ಸ್ವೆಟರ್ ನನ್ನ ತಲೆಯಲ್ಲಿ ಮರೂನ್ ಬಣ್ಣದ್ದು. ಸದ್ಯಕ್ಕೆ ಹಾಗೆಂದೇ ಇಟ್ಟುಕೊಳ್ಳಿ.

ಮುನಿರಾಜು ಮೆಷಿನ್ ಶಾಪಿನ ಫೋರ್‌ಮನ್. ಪಟ್ಟಂದೂರು ಅಗ್ರಹಾರದವರು. ಸ್ವಂತ ಮನೆಯ ಮೂರು ಮಹಡಿಗಳಲ್ಲೂ ಐಟಿ ಹುಡುಗರು ಬಾಡಿಗೆಗಿದ್ದರೂ ಈ ಮನುಷ್ಯನಿಗೆ ಲೇತಿನ ಸದ್ದು ಕೇಳದಿದ್ದರೆ ದಿನ ಹೋಗುತ್ತಿರಲಿಲ್ಲ. ನನ್ನ ಕೆಂಪು ಚೀಟಿಗಳು ಹೆಚ್ಚಾಗಿ ಹೋಗುತ್ತಿದ್ದುದು ಅವರಿಗೇ. ಚೀಟಿ ಹೋದ ಹತ್ತು ನಿಮಿಷಕ್ಕೆ ಅವರು ಅಳತೆ ನಡೆಯುವ ನನ್ನ ಸ್ಟ್ಯಾಂಡರ್ಡ್ಸ್ ರೂಮಿಗೆ ಜಗಳಕ್ಕೆ ಬರುತ್ತಿದ್ದರು. ಬಿಸಿಗೆ ಉಕ್ಕು ಹಿಗ್ಗುತ್ತದೆಂದು ಆ ಕೋಣೆಯನ್ನು ಯಾವಾಗಲೂ ಇಪ್ಪತ್ತು ಡಿಗ್ರಿಯಲ್ಲಿ ಇಡುತ್ತಿದ್ದೆವು. ಬೆವರಿಕೊಂಡು ಬಂದವರು ಎರಡನೆಯ ಮಾತಿಗೇ ನಡುಗತೊಡಗುತ್ತಿದ್ದರು.

“ಏನ್ ಮೇಡಂ, ಪೀಸ್ ಅಲ್ಲ, ನಮ್ಮುನ್ನೇ ಫ್ರಿಜ್‌ನಾಗಿಟ್ಟು ರಿಜೆಕ್ಟ್ ಮಾಡ್ತೀರ” ಎಂದು ಅರ್ಧ ಜಗಳ ಬಿಟ್ಟು ಹೊರಡುತ್ತಿದ್ದರು.

ಆ ಜನವರಿ ಕೊನೆಗೆ ಅವರ ನಿವೃತ್ತಿ. ಕಾರ್ಮಿಕ ಸಂಘದಿಂದ ಹಾರ, ಪೇಟ, ಶಾಲು ಹೇಗೂ ಇತ್ತು. ನಾನು ಲೆಕ್ಕ ಹಾಕಿ ನೋಡಿದೆ: ಇಷ್ಟು ವರ್ಷಗಳಲ್ಲಿ ಈ ಮನುಷ್ಯನ ಕೈಗೆ ನಾನಾಗಿ ಕೊಟ್ಟದ್ದೆಲ್ಲ ಕೆಂಪು. ಹೋಗುವ ಮುಂಚೆ ಒಂದಾದರೂ ಅವರು ಖುಷಿಯಿಂದ ಮನೆಗೆ ಒಯ್ಯುವಂಥದ್ದು ನನ್ನ ಕೈಯಿಂದ ಹೋಗಬೇಕು ಅನ್ನಿಸಿತು. ನನಗೆ ಬರುತ್ತಿದ್ದುದು ಹೆಣಿಗೆ. ನಡುಗುತ್ತಿದ್ದವರಿಗೆ ಸ್ವೆಟರ್ ಹೆಣೆಯೋಣವೆಂದು ಹೊರಟೆ.

ಅಳತೆ ಗುಟ್ಟಾಗಿ ಆಗಬೇಕಿತ್ತು. ಅವರು ಊಟಕ್ಕೆ ಹೋದಾಗ ಮೊಳೆಗೆ ನೇತುಹಾಕಿದ್ದ ನೀಲಿ ಕೋಟನ್ನು ತಂದು, ಗ್ರಾನೈಟಿನ ಅಳತೆ ಮೇಜಿನ ಮೇಲೆ ಹಾಸಿದೆ. ಬಟ್ಟೆಯೂ ಇಪ್ಪತ್ತು ಡಿಗ್ರಿಗೆ ಬರಲೆಂದು ಸ್ವಲ್ಪ ಹೊತ್ತು ಕಾದೆ. ನನ್ನ ಜೂನಿಯರ್ ಶೈಲಜಾ ಬಾಯಿಗೆ ಸೆರಗು ಒತ್ತಿಕೊಂಡು ಆಚೆ ಹೋದಳು. ನಾನು ನಗಲಿಲ್ಲ. ಎದೆ, ಭುಜ, ತೋಳು ಎಲ್ಲವನ್ನೂ ಎರಡೆರಡು ಸಲ ಅಳೆದು, ಟಾಲರೆನ್ಸ್ ಸಮೇತ, ಅಂದರೆ ಎಷ್ಟು ಹೆಚ್ಚುಕಡಿಮೆ ಆಗಬಹುದೆಂಬುದನ್ನೂ ಗುರುತು ಹಾಕಿ ಡ್ರಾಯಿಂಗ್ ಬರೆದೆ. ಬೆನ್ನಿನ ಭಾಗ ಪೂರ್ತಿ ಕಂಪನಿ ಬಸ್ಸಿನಲ್ಲಿ, ಕೆ.ಆರ್. ಪುರದ ತೂಗುಸೇತುವೆಯ ಟ್ರಾಫಿಕ್ಕಿನಲ್ಲೇ ಮುಗಿಯಿತು. ಬಸ್ಸು ಓಡಿದ್ದರೆ ಸ್ವೆಟರ್ ಆಗುತ್ತಿರಲಿಲ್ಲ.

ಎರಡು ವಾರ ಮುಂಚೆಯೇ ಸಿದ್ಧವಾಯಿತು. ತಡೆಯಲಾಗದೆ ಕ್ಯಾಂಟೀನಿನಲ್ಲಿ ಊಟವಾದ ಮೇಲೆ ಕರೆದು ಕೊಟ್ಟೆ. ಮುನಿರಾಜು ಒಮ್ಮೆ ನನ್ನನ್ನು, ಒಮ್ಮೆ ಸ್ವೆಟರನ್ನು ನೋಡಿದರು. ಸುತ್ತ ಇಡೀ ಮೆಷಿನ್ ಶಾಪ್ ನೆರೆದಿತ್ತು. ಕೈ ತೂರಿಸಿದರು, ತಲೆ ತೂರಿಸಿದರು, ಅಲ್ಲಿಗೆ ನಿಂತಿತು. ಎರಡೂ ಕೈ ಮೇಲೆ, ತಲೆ ಒಳಗೆ, ಹೊಟ್ಟೆ ಹೊರಗೆ.

ಉಲ್ಲನ್ನಿನ ಒಳಗಿಂದ ದನಿ ಬಂತು: “ಮೇಡಂ, ಗೋ ಗೇಜ್ ಓಯ್ತಾ ಇಲ್ಲ!”

ಗೋ ಗೇಜ್ ಎಂದರೆ ತೂತು ಪರೀಕ್ಷಿಸುವ ಕಡ್ಡಿ. ಅದು ಒಳಗೆ ಹೋಗಲೇಬೇಕು. ಹೋಗದಿದ್ದರೆ ಪೀಸು ನಪಾಸು. ನಾಲ್ಕು ಜನ ಎಳೆದು ಅವರನ್ನು ಹೊರತೆಗೆದರು. ಕೆದರಿದ ಕೂದಲಲ್ಲೇ ಅವರು ನನ್ನ ಕೋಟಿನ ಜೇಬಿನಿಂದ ಇಣುಕುತ್ತಿದ್ದ ಒಂದು ಕೆಂಪು ಚೀಟಿಯನ್ನು ಎಳೆದುಕೊಂಡು, ಅದರ ಮೇಲೆ ‘ಅಂಡರ್‌ಸೈಜ್’ ಎಂದು ಬರೆದು ಸ್ವೆಟರಿನ ಕುತ್ತಿಗೆಗೆ ಕಟ್ಟಿದರು. ಶಿಳ್ಳೆ ಬಿತ್ತು. ಯಾರೋ ತಟ್ಟೆ ಬಡಿದರು.

ಗದ್ದಲ ಇಳಿದ ಮೇಲೆ ಹತ್ತಿರ ಬಂದು ಮೆಲ್ಲಗೆ ಹೇಳಿದರು: “ಡೀವಿಯೇಷನ್ ಕೊಟ್ಬುಡಿ ಮೇಡಂ. ಆಕ್ಕೊಳ್ಳಲ್ಲ, ಮನೇಲಿ ಮಡಗ್ಕೋತೀನಿ.”

“ಇಲ್ಲ. ಇದು ರೀವರ್ಕ್” ಎಂದೆ.

ತಪ್ಪೆಲ್ಲಿ ಎಂದು ಡ್ರಾಯಿಂಗ್ ಮುಂದಿಟ್ಟುಕೊಂಡು ಕೂತೆ. ಕೋಟಿಗೂ ಸ್ವೆಟರಿಗೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

ಶೈಲಜಾ ಕೇಳಿದಳು: “ಮೇಡಂ, ಅವ್ರು ಆ ಕೋಟಿಗೆ ಗುಂಡಿ ಹಾಕಿದ್ದನ್ನ ಯಾವತ್ತಾದ್ರೂ ನೋಡಿದೀರಾ?”

ನೋಡಿರಲಿಲ್ಲ. ಯಾರೂ ನೋಡಿರಲಿಲ್ಲ. ಕೆಲಸಕ್ಕೆ ಸೇರಿದಾಗ ಸ್ಟೋರ್ಸಿನವರು ಬರೆದುಕೊಂಡಿದ್ದ ಸೈಜಿನಲ್ಲೇ ಪ್ರತಿ ವರ್ಷ ಹೊಸ ಕೋಟು ಬರುತ್ತಿತ್ತು. ಮುನಿರಾಜು ಬೆಳೆದರು, ಕೋಟು ಬೆಳೆಯಲಿಲ್ಲ. ಕೆಲಸಕ್ಕೆ ಸೇರಿದ ದಿನದ ಆ ಸಣಕಲು ಹುಡುಗನಿಗೆ ನಾನು ಸ್ವೆಟರ್ ಹೆಣೆದಿದ್ದೆ.

ಪೂರ್ತಿ ಬಿಚ್ಚಿದೆ. ಬಿಚ್ಚಿದ ಉಲ್ಲನ್ ಮ್ಯಾಗಿಯ ಹಾಗೆ ಸುರುಳಿ ಸುರುಳಿ. ಅದನ್ನು ಕುರ್ಚಿಯ ಬೆನ್ನಿಗೆ ಸುತ್ತಿ, ಲಡಿ ಮಾಡಿ, ಬಿಸಿನೀರಿನಲ್ಲಿ ಅದ್ದಿ, ತುದಿಗೆ ಭಾರ ಕಟ್ಟಿ ನೇತುಹಾಕಬೇಕು. ಆಗ ಎಳೆ ನೆಟ್ಟಗಾಗುತ್ತದೆ. ಕಂಪ್ರೆಸರ್ ಕೋಣೆಯ ಬೆಚ್ಚನೆಯಲ್ಲಿ ತೂಗುಬಿಟ್ಟೆ. ಭಾರಕ್ಕೆ ಗುಜರಿ ಡಬ್ಬದಿಂದ ಒಂದು ಸ್ಪಿಂಡಲ್, ಅಂದರೆ ವಾಲ್ವಿನ ಒಳಗಿನ ಉಕ್ಕಿನ ದಂಡ, ತಂದು ಕಟ್ಟಿದೆ. ಮುನಿರಾಜು ಬಂದು ಬಗ್ಗಿ ನೋಡಿದರು.

“ಇದು ನಮ್ ಸ್ಪಿಂಡಲ್ ಅಲ್ವಾ? ನೀವೇ ರಿಜೆಕ್ಟ್ ಮಾಡಿದ್ದು! ಸದ್ಯ, ಈಗ್ಲಾದ್ರೂ ಕೆಲ್ಸಕ್ಕ್ ಬಂತು.”

ಈ ಸಲ ಮನುಷ್ಯನನ್ನೇ ನಿಲ್ಲಿಸಿ ಅಳೆದೆವು. ಶೈಲಜಾ ಟೇಪು ಸುತ್ತಿದ ಕೂಡಲೇ ಅವರು ಹೊಟ್ಟೆ ಒಳಗೆಳೆದುಕೊಂಡರು.

“ಉಸಿರು ಬಿಡಿ ಅಣ್ಣ.”

“ಬಿಟ್ರೆ ನಿನ್ ಟೇಪು ಸಾಲಾಕಿಲ್ಲ ಕಣಮ್ಮ.” ಆಮೇಲೆ ನನ್ನ ಕಡೆ ತಿರುಗಿ, “ಮೇಡಂ, ಊಟಕ್ಕ್ ಮುಂಚಿಂದು ಬೇಕಾ, ಊಟ ಆದ್ಮೇಲಿಂದಾ?”

ಹಾಸ್ಯಕ್ಕೆ ಕೇಳಿದರು. ಆದರೆ ವೃತ್ತಿಯಲ್ಲಿ ನನ್ನನ್ನು ಯಾರೂ ಕೇಳಿರದ ಒಳ್ಳೆಯ ಪ್ರಶ್ನೆ ಅದು. ಎರಡನ್ನೂ ಬರೆದುಕೊಂಡು, ದೊಡ್ಡದನ್ನೇ ಹಿಡಿದೆ. ಉಲ್ಲನ್ ಸಾಲಲಿಲ್ಲ. ಅಂಗಡಿಯಲ್ಲಿ ಅದೇ ಬಣ್ಣ ಮುಗಿದಿತ್ತು. ಹೊಟ್ಟೆಯ ಸುತ್ತ ಬೂದು ಪಟ್ಟಿ ಬಂತು.

ಬೀಳ್ಕೊಡುಗೆಯ ದಿನ ಮುನಿರಾಜು ಹಾರ, ಪೇಟದ ಕೆಳಗೆ ಸ್ವೆಟರ್ ಹಾಕಿಕೊಂಡೇ ವೇದಿಕೆ ಹತ್ತಿದರು. ಕೈ ಎತ್ತಿ, ಇಳಿಸಿ, ಸುತ್ತ ತಿರುಗಿ ತೋರಿಸಿದರು. ಮೈಕಿನಲ್ಲಿ ಆಡಿದ್ದು ಇಷ್ಟೇ: “ಮೇಡಂ ನಂಗೆ ಎಷ್ಟೋ ಸಲ ವಾಪಸ್ ಕಳ್ಸವ್ರೆ. ನಾನು ಕಳ್ಸಿದ್ದು ಒಂದೇ ಸಲ. ತಿದ್ಕೊಂಡ್ ಬಂದ್ರು. ಪಾಸ್!” ಹೇಳಿ ಅವರು ಅತ್ತರೆಂದು ನನ್ನ ನೆನಪು. ಅತ್ತದ್ದು ನಾನೆಂದು ಶೈಲಜಾ ಹೇಳುತ್ತಾಳೆ. ಅವಳ ವಯಸ್ಸು ಚಿಕ್ಕದು, ನೆನಪು ಗಟ್ಟಿ. ಅವಳ ಮಾತನ್ನೇ ದಾಖಲಿಸಿಕೊಳ್ಳಿ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೊಕ್ಕವಾಗಿರುತ್ತಿತ್ತು. ಆದರೆ ನಾನೂ ನಿವೃತ್ತಳಾದ ಮೇಲೆ, ಕಳೆದ ತಿಂಗಳು, ಹೂಡಿಯಲ್ಲಿರುವ ನನ್ನ ಫ್ಲ್ಯಾಟಿನ ಬೆಲ್ ಆಯಿತು. ಬಾಗಿಲಲ್ಲಿ ಅದೇ ಸ್ವೆಟರ್. ಒಳಗೆ ಮುನಿರಾಜುವನ್ನು ಹುಡುಕಬೇಕಾಯಿತು. ಮೂಟೆಯಲ್ಲಿ ಕೋಲು ನಿಲ್ಲಿಸಿದ ಹಾಗಿತ್ತು.

“ಶುಗರ್ ಮೇಡಂ. ಡಾಕ್ಟ್ರು ಅನ್ನ ಕಮ್ಮಿ ಮಾಡು, ನಡಿ ಅಂದ್ರು. ನಡ್ದೆ. ಗಟ್ಟಿಯಾಗೇ ಇವ್ನಿ. ಈಗ ನೋಡಿ, ನಾನೇ ಅಂಡರ್‌ಸೈಜು.”

“ಡೀವಿಯೇಷನ್ ಕೊಡ್ಲಾ?” ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

“ಏ, ಬ್ಯಾಡ. ರೀವರ್ಕ್ ಮಾಡಿ.”

ಉಕ್ಕನ್ನು ಇಪ್ಪತ್ತು ಡಿಗ್ರಿಗೆ ತಂದರೆ ಅದು ಇವತ್ತೂ ನಾಳೆಯೂ ಒಂದೇ ಅಳತೆ ಕೊಡುತ್ತದೆ. ಮನುಷ್ಯರನ್ನು ಮಾತ್ರ ಮತ್ತೆ ಮತ್ತೆ ಅಳೆಯುತ್ತಿರಬೇಕು, ಹಳೆಯ ಡ್ರಾಯಿಂಗನ್ನು ನಂಬಬಾರದು. ನನ್ನ ಕೆಲಸ ಇದನ್ನು ಕಲಿಸಿತು, ಆದರೆ ಪೂರ್ತಿ ಕಲಿತದ್ದು ಕೆಲಸ ಬಿಟ್ಟ ಮೇಲೆ.

ಸ್ವೆಟರ್ ಈಗ ಮೂರನೆಯ ಸಲ ನನ್ನ ಕಡ್ಡಿಯ ಮೇಲಿದೆ. ಬಿಚ್ಚುವಾಗ, ಬಿಸಿಲು ಕಾಣದ ಒಳ ಹೊಲಿಗೆಯ ಎಳೆಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಮರೂನ್ ಅಲ್ಲ, ಕಾಫಿಪುಡಿ ಬಣ್ಣ. ಬೂದು ಪಟ್ಟಿ ಇನ್ನು ಬೇಕಾಗಿಲ್ಲ, ಅದರಲ್ಲಿ ಟೋಪಿಯಾಗುತ್ತದೆ. ಭಾನುವಾರ ಟ್ರಯಲ್. ಮುನಿರಾಜುವಿಗೆ ಊಟ ಮಾಡಿಕೊಂಡೇ ಬರಲು ಹೇಳಿದ್ದೇನೆ.